ಹಡಗಿನ ಊಟಕ್ಕೆ ಮೋನಿಕಾಳ ಬೂಟು

ಗಂಡನಾದವನು ಮಗುವಿನ ಬಟ್ಟೆಯ ಬಗ್ಗೆ ತಾನಾಗಿಯೇ ವಿಚಾರಿಸಿದರೆ ಹೆಂಡತಿಯಾದವಳು ತಕ್ಷಣ ಎಚ್ಚರಗೊಳ್ಳಬೇಕು. ಇದು ನನ್ನ ಅನುಭವದ ಮಾತು. ಮೋನಿಕಾಗೆ ಐದು ತುಂಬಿದರೂ ಅವಳ ಸ್ಕೂಲ್ ಯೂನಿಫಾರಂ ಯಾವ ಬಣ್ಣದ್ದೆಂದು ನಮ್ಮ ಯಜಮಾನರಿಗೆ ಗೊತ್ತಿರಲಿಲ್ಲ. (ಒಮ್ಮೆ ಅವಳನ್ನು ಕರೆತರಲು ಹೋಗಿ, ಬೇರೆ ಯಾವುದೋ ಸ್ಕೂಲಿನ ಗೇಟಿನಲ್ಲಿ ನಿಂತು, "ನಮ್ಮ ಮಗೂನ ಯಾಕ್ರೀ ಇನ್ನೂ ಬಿಟ್ಟಿಲ್ಲ?" ಎಂದು ವಾಚ್‌ಮನ್ ಜೊತೆ ಜಗಳ ಕಾದು ಬಂದ ಮಹಾನುಭಾವರು.) ಅಂಥ ಮೃತ್ಯುಂಜಯನವರು ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, "ಶಿವಲೀಲಾ, ಪಾಪೂಗೆ ಒಳ್ಳೆ ಬಟ್ಟೆ ಏನೈತೆ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಅಕ್ಕಿರೊಟ್ಟಿ ಹೆಂಚಿಗೆ ಬೀಳುವ ಬದಲು ಒಲೆಗೆ ಬಿತ್ತು.

ಮೊದಲಿನಿಂದ ಹೇಳುತ್ತೇನೆ. ಸಕಲೇಶಪುರದ ಪೇಟೆಯಲ್ಲಿ ನಮ್ಮದೊಂದು ಗೊಬ್ಬರದ ಅಂಗಡಿ. ಯಸಳೂರು, ಹೆಗ್ಗದ್ದೆ, ಹೊಂಗಡಹಳ್ಳದ ಕಡೆಯ ಕಾಫಿ ಬೆಳೆಗಾರರೆಲ್ಲ ಗೊಬ್ಬರಕ್ಕೂ ಔಷಧಿಗೂ ನಮ್ಮಲ್ಲಿಗೇ ಬರುತ್ತಾರೆ. ಆ ವರ್ಷ ಯಾವುದೋ ಕಂಪನಿಯ ಹೊಸ ಔಷಧಿ ನಮ್ಮ ಅಂಗಡಿಯಿಂದ ನೀರಿನ ಹಾಗೆ ಹರಿದುಹೋಯಿತು. (ನೀರೇ ಇರಬೇಕೆಂದು ನನಗೆ ಅನುಮಾನ, ಅದು ಬೇರೆ ವಿಷಯ.) ಸಂತೋಷಗೊಂಡ ಕಂಪನಿ ತನ್ನ ಡೀಲರುಗಳನ್ನು ಸಂಸಾರ ಸಮೇತ ಮುಂಬೈಯಿಂದ ಹಡಗಿನ ಪ್ರವಾಸಕ್ಕೆ ಕರೆದೊಯ್ಯುವುದಾಗಿ ಘೋಷಿಸಿತು. ವಿಷಯ ತಿಳಿಸಲು ಕಂಪನಿಯ ಮೋಹನ್ ಎಂಬ ಹುಡುಗ ಮನೆಗೇ ಬಂದ.

"ಅಕ್ಕಾ, ಹಡಗು ಅಂದ್ರೆ ಬರೀ ಹಡಗಲ್ಲ, ತೇಲೋ ಊರು. ಮೊದಲನೇ ದಿನ ಸಂಜೆ ದೊಡ್ಡ ಹಾಲ್‌ನಲ್ಲಿ ಊಟ. ನೀವು ಸುಮ್ಮನೆ ಹೋಗಿ ಕೂತ್ರೆ ಸಾಕು. ಕುರ್ಚಿ ಎಳೆದುಕೊಡೋನೇ ಒಬ್ಬ, ನೀರು ಹಾಕೋನೇ ಒಬ್ಬ, ತಟ್ಟೆ ತೆಗೆಯೋನೇ ಒಬ್ಬ."

"ತೊಳೆಯೋರು?" ಎಂದೆ.

"ಅಯ್ಯೋ, ಅದೂ ಅವರೇ ಅಕ್ಕಾ!"

ನನ್ನ ಕಣ್ಣಿನಲ್ಲಿ ನೀರು ಬಂದಿತು. ಅಷ್ಟರಲ್ಲಿ ಮೋಹನ್ ಗಂಟಲು ಸರಿಮಾಡಿಕೊಂಡ. "ಆದ್ರೆ ಆ ಹಾಲ್‌ಗೆ ಮಕ್ಕಳಿಗೂ ಡ್ರೆಸ್ ಕೋಡ್ ಐತೆ. ಹೆಣ್ಣುಮಗು ಆದ್ರೆ ತೋಳಿರೋ ಫ್ರಾಕು, ಕಾಲುಚೀಲ, ಮುಚ್ಚಿದ ಬೂಟು. ಚಪ್ಪಲಿ, ರಾತ್ರಿ ಮಲಗೋ ಬಟ್ಟೆ ನಡೆಯಲ್ಲ. ಹಂಗೇನಾದ್ರೂ ಬಂದ್ರೆ ಆ ಮಗೂನ ಮಕ್ಕಳ ಊಟದ ರೂಮಿಗೆ ಕಳಿಸಿಬಿಡ್ತಾರೆ. ಜೊತೆಗೆ ದೊಡ್ಡೋರು ಒಬ್ಬರು ಹೋಗ್ಬೇಕಾಗುತ್ತೆ."

'ದೊಡ್ಡೋರು ಒಬ್ಬರು' ಎಂದರೆ ಯಾರೆಂದು ಅವನು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಗುವಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂರುವ ದೊಡ್ಡೋರು, ಮದುವೆಮನೆಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೇ "ಅಮ್ಮಾ, ಕಕ್ಕ" ಎಂದಾಗ ಎಲೆ ಬಿಟ್ಟು ಏಳುವ ದೊಡ್ಡೋರು ನಮ್ಮ ಮನೆಯಲ್ಲಿ ಇರುವುದು ಒಬ್ಬರೇ. ಮದುವೆಯಾದಂದಿನಿಂದ ನಾನು ಕೂತು, ಬೇರೆಯವರು ಬಡಿಸಿ, ಬಿಸಿಯಾಗಿರುವಾಗಲೇ ಮೊದಲಿನಿಂದ ಕೊನೆಯವರೆಗೆ ಉಂಡ ಊಟ ಒಂದೂ ನೆನಪಿಗೆ ಬರುವುದಿಲ್ಲ. ಅಂದೇ ಪ್ರತಿಜ್ಞೆ ಮಾಡಿದೆ: ಸಮುದ್ರ ಉಕ್ಕಲಿ, ಹಡಗು ಮಗುಚಲಿ, ಆ ಒಂದು ಊಟವನ್ನು ನಾನು ಕೂತೇ ಉಣ್ಣುವವಳು. ಮಗುವಿನ ಫ್ರಾಕಿಗಾಗಿ ಅದನ್ನು ಕಳೆದುಕೊಳ್ಳುವವಳಲ್ಲ.

ಇದಾದ ಮರುದಿನವೇ ಯಜಮಾನರು ಪಾಪುವಿನ ಬಟ್ಟೆಯ ಬಗ್ಗೆ ಕೇಳಿದ್ದು. ವಾರದೊಳಗೆ ಹಾಸನಕ್ಕೆ ಹೋಗಿ ತಾವೇ ಒಂದು ಫ್ರಾಕು ತಂದರು. ಬಿಚ್ಚಿ ನೋಡಿದರೆ ಅದಕ್ಕೆ ತೋಳೇ ಇಲ್ಲ! ಭುಜದ ಮೇಲೆ ಎರಡು ದಾರ.

"ತೋಳು ಇರ್ಬೇಕು ಅಂತ ಮೋಹನ್ ನಿಮ್ಮೆದುರೇ ಹೇಳಲಿಲ್ವೇನ್ರೀ?"

"ಹೇಳಿದ್ನಾ? ಮರ್ತುಬುಟ್ಟೆ ಕಣೆ. ಇರ್ಲಿ ಬುಡು, ಮಗೀಗೆ ಸೆಕೆ ಆಗಲ್ಲ."

ಅಂಗಡಿಯಲ್ಲಿ ಯಾವ ತೋಟದವರು ಯಾವ ವರ್ಷ ಯಾವ ಗೊಬ್ಬರ ಒಯ್ದರೆಂದು ನಿದ್ದೆಯಲ್ಲೂ ಹೇಳುವ ಮನುಷ್ಯ ಎರಡು ತೋಳು ಮರೆತರೆಂದರೆ ಯಾರು ನಂಬುತ್ತಾರೆ? ನನ್ನ ರೇಷ್ಮೆ ಕುಪ್ಪಸದ ಬಟ್ಟೆ ತೆಗೆದುಕೊಂಡು ದರ್ಜಿ ಸುಬ್ಬಯ್ಯನ ಹತ್ತಿರ ಹೋಗಿ ತೋಳು ಕೂರಿಸಲು ಹೇಳಿದೆ. ಸುಬ್ಬಯ್ಯ "ಬೆಳೆಯೋ ಮಗು ಕಣಮ್ಮ" ಎಂದು ಬೆರಳ ತುದಿ ದಾಟುವಷ್ಟು ಉದ್ದದ ತೋಳು ಹೊಲಿದ. ಬಿಚ್ಚಿಸಿ, ಮಡಿಸಿ, ರಾಜಿ ಮಾಡಿಕೊಂಡು ತಂದೆ.

ಬೂಟಿನ ವಿಷಯ ಬಂದಾಗ ಅನುಮಾನ ಗಟ್ಟಿಯಾಯಿತು. "ಮಕ್ಕಳ ಕಾಲಿಗೆ ಗಾಳಿ ಆಡ್ಬೇಕು ಕಣೆ. ಚಪ್ಪಲಿ ಸಾಕು" ಎಂದರು. ಮಗುವಿಗೆ ಕಾಲಿದೆ ಎಂಬುದೇ ಇವರಿಗೆ ಈಚೆಗೆ ತಿಳಿದ ಸುದ್ದಿ. ಅದಕ್ಕೆ ಗಾಳಿ ಬೇರೆ! ಆ ದಿನವೇ ಬೂಟು ತಂದೆ.

ಅತ್ತೆ ದ್ರಾಕ್ಷಾಯಣಮ್ಮನವರಿಗೆ ಬೂಟು ಕಂಡು ಬೇರೆಯದೇ ಸಂಕಟ. "ಉಣ್ಣಕ್ಕೆ ಕೂರೋವಾಗ ಕಾಲು ತೊಳೀತಾರೆ ಕಣವ್ವ, ಮುಚ್ತಾರಾ? ಇದ್ಯಾವ ಸೀಮೆ ಊಟನೋ ಕಾಣೆ."

"ಅತ್ತೆ, ನಿಮ್ಮ ಮಗನ ನಡತೆ ಯಾಕೋ ಸರಿ ಕಾಣ್ತಿಲ್ಲ. ಮಗೂನ ಆ ಹಾಲ್‌ಗೆ ಬಿಡಬಾರದು ಅನ್ನೋ ಹಾಗೆ ಆಡ್ತಿದಾರೆ" ಎಂದೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕ್ಷಣ ಯೋಚಿಸಿದರು. "ಮಗೂನ ಬಿಡದಿದ್ರೆ ನೀನೂ ಹೋಗಕ್ಕಾಗಲ್ಲ. ನೀನು ಹೋಗದಿದ್ರೆ ಅವನೊಬ್ನೆ ಕೂತ್ಕತಾನೆ. ಗಂಡಸು, ಹಡಗು ಹತ್ತಿದ ಮ್ಯಾಲೆ ಏನು ಕುಡೀತಾನೋ, ಯಾರ ಪಕ್ಕ ಕೂರ್ತಾನೋ... ನಾನೇನೂ ಹೇಳ್ಲಿಲ್ಲಪ್ಪ. ನನ್ನ ಮಗ ಬಂಗಾರ."

ಹೀಗೆ ಏನೂ ಹೇಳದೆ ಅತ್ತೆ ನನ್ನ ಹೊಟ್ಟೆಗೆ ಕಿಚ್ಚು ಹಾಕಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಅಂದಿನಿಂದ ನಾನು ಪತ್ತೇದಾರಳಾದೆ. ಇವರ ಸೂಟ್‌ಕೇಸ್ ತಡಕಿದೆ, ಮೂಸಿದೆ. ಇಸ್ತ್ರಿ ಮಾಡಿದ ಅಂಗಿ (ಇಸ್ತ್ರಿ ಮಾಡಿದವಳು ನಾನೇ), ಮದುವೆಯ ಟೈ, ಹೊಸ ಕರ್ಚೀಫು. ಹೊಸ ಕರ್ಚೀಫು ಯಾರಿಗೋಸ್ಕರ? ಅದೇ ವೇಳೆ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಯಾವುದೋ ಬಿಸ್ಕತ್ತಿನ ಡಬ್ಬದ ಜೊತೆ ಬಿಟ್ಟಿ ಬಂದಿದ್ದ ಫೋರ್ಕು, ತರಕಾರಿ ಹೆಚ್ಚುವ ಚಾಕು ಹಿಡಿದು, ಒಣಗಿದ ಅಕ್ಕಿರೊಟ್ಟಿಯ ಮೇಲೆ ಅಭ್ಯಾಸ ಶುರುಮಾಡಿದೆ. ಮೊದಲ ದಿನ ರೊಟ್ಟಿಯ ಚೂರು ಕಿಟಕಿ ದಾಟಿ ಪಕ್ಕದ ಮನೆಯ ನಾಯಿಗೆ ನೈವೇದ್ಯವಾಯಿತು. ಬರಬರುತ್ತಾ ಕೈ ಕುದುರಿತು. "ನಿಮಗೂ ಕಲಿಸಿಕೊಡ್ಲಾ?" ಎಂದು ಇವರನ್ನು ಕೇಳಿದ್ದಕ್ಕೆ, "ಗಂಡಸರಿಗೆ ಅದೆಲ್ಲ ತಾನಾಗೇ ಬರ್ತದೆ" ಎಂದು ಎದ್ದು ಹೋದರು.

ಹೊರಡುವ ದಿನ ಬೂಟು ಮಾಯ! ಕಪಾಟು, ಮಂಚದ ಕೆಳಗೆ, ಹಿತ್ತಲು ಎಲ್ಲೂ ಇಲ್ಲ. ಕೊನೆಗೆ ಅಂಗಡಿಗೇ ನುಗ್ಗಿ ಗೋಡೌನಿನಲ್ಲಿ ಹುಡುಕಿದರೆ ಯೂರಿಯಾ ಚೀಲಗಳ ಹಿಂದೆ ಡಬ್ಬದೊಳಗೆ ಬೆಚ್ಚಗೆ ಕೂತಿತ್ತು.

"ಇಲಿ ಎಳ್ಕೊಂಡು ಹೋಗಿರ್ಬೇಕು" ಎಂದರು ಯಜಮಾನರು, ನನ್ನ ಮುಖ ನೋಡದೆ.

"ಡಬ್ಬಕ್ಕೆ ಮುಚ್ಚಳ ಹಾಕಿ, ದಾರ ಕಟ್ಟಿ?"

"ನಮ್ಮ ಗೋಡೌನ್ ಇಲಿ ನೀನು ನೋಡಿಲ್ಲ ಬುಡು."

ಬೂಟನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಹಾಕಿಕೊಂಡು, ಮುಂಬೈವರೆಗೂ ತಲೆದಿಂಬು ಮಾಡಿಕೊಂಡು ಮಲಗಿದೆ.

ಅಂತೂ ಆ ಸಂಜೆ ಬಂದಿತು. ಮೋನಿಕಾಗೆ ಫ್ರಾಕು ತೊಡಿಸಿ, ಕಾಲುಚೀಲ ಎಳೆದು, ಬೂಟಿನ ಲೇಸಿಗೆ ಮೂರು ಗಂಟು ಹಾಕಿದೆ. ನಾನು ಮದುವೆಯ ರೇಷ್ಮೆ ಸೀರೆ ಉಟ್ಟೆ. ಹಾಲ್‌ನ ಬಾಗಿಲಲ್ಲಿ ಬಿಳಿ ಕೈಗವಸಿನ ಒಬ್ಬ ಅಧಿಕಾರಿ ಮೋನಿಕಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಕ್ಕು, ತಲೆಬಾಗಿ ಒಳಗೆ ಬಿಟ್ಟ. ನಾನು ಗೆದ್ದಿದ್ದೆ! ಯಜಮಾನರ ಮುಖ ನೋಡಿದೆ. ಹುಳ ಬಿದ್ದ ಕಾಫಿ ಗಿಡದ ಹಾಗೆ ಬಾಡಿತ್ತು. ನನ್ನ ಅನುಮಾನಕ್ಕೆ ಇನ್ನೇನು ಸಾಕ್ಷಿ ಬೇಕು?

ಒಬ್ಬ ಹುಡುಗ ಬಂದು ನನ್ನ ಕುರ್ಚಿ ಹಿಂದಕ್ಕೆ ಎಳೆದ. ಕೂರುವಾಗ ಪೂರ್ತಿ ಎಳೆದುಬಿಟ್ಟಾನೇನೋ ಎಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಕೂತೆ. ಮೇಜಿನ ತುಂಬ ಫಳಫಳ ಹೊಳೆಯುವ ಚಾಕು, ಫೋರ್ಕು. ಸುತ್ತ ಬೇರೆ ಊರಿನ ಡೀಲರುಗಳು, ಅವರ ಮನೆಯವರು. ಯಜಮಾನರು ಎಡಗೈಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಪದೇಪದೇ ಬಾಗಿಲ ಕಡೆ ನೋಡುತ್ತಿದ್ದರು. ಯಾರು ಬರಬೇಕಿತ್ತು? ನಾನು ಬಾಗಿಲು ನೋಡಿದೆ, ಇವರನ್ನು ನೋಡಿದೆ, ಮತ್ತೆ ಬಾಗಿಲು ನೋಡಿದೆ. ಸೂಪು ಬಂದಿತು. ಹಬೆಯಾಡುತ್ತಿತ್ತು.

"ಅಮ್ಮಾ, ಬಿಚ್ಲಾ?" ಎಂದು ಮೋನಿಕಾ ಕೇಳಿದಳು.

"ಹೂಂ" ಎಂದೆ, ಬಾಗಿಲ ಮೇಲಿನ ಕಣ್ಣು ತೆಗೆಯದೆ.

ಇಲ್ಲಿ ನಮ್ಮ ಮನೆಯ ಒಂದು ಕಾನೂನು ಹೇಳಲೇಬೇಕು. ನಮ್ಮೂರಿನ ಮಳೆಗೆ ಅರ್ಧ ವರ್ಷ ಒಗೆದ ಬಟ್ಟೆ ಒಣಗುವುದಿಲ್ಲ. ನೀರೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆ ಹಾಕಬೇಕು. ಸಾರು ಚೆಲ್ಲುವವರು ಯಾರಾದರೂ ಇರಲಿ, ಒಗೆಯುವವಳು ನಾನು. ಅದಕ್ಕೇ ಮೋನಿಕಾ ಅನ್ನ ತಿನ್ನಲು ಶುರುಮಾಡಿದಂದಿನಿಂದ ಒಂದೇ ಪಾಠ: ಒಳ್ಳೆ ಬಟ್ಟೆ ತೊಟ್ಟು ತಟ್ಟೆ ಮುಂದೆ ಕೂರಬಾರದು. ಬಿಚ್ಚಬೇಕು, ಮಡಿಸಬೇಕು, ಎತ್ತಿಡಬೇಕು, ಆಮೇಲೆ ಉಣ್ಣಬೇಕು. ಪರರ ಮನೆಯಲ್ಲಾದರೆ ಮೊದಲು ನನ್ನನ್ನು ಕೇಳುತ್ತಾಳೆ. ನಾನು ಬೇಡ ಅನ್ನುತ್ತೇನೆ. ಆವತ್ತು ಹೂಂ ಅಂದಿದ್ದೆ.

ಮೇಜಿನ ಸುತ್ತ ಮಾತು ನಿಂತಿದ್ದು ಕೇಳಿ ತಿರುಗಿದೆ. ಮೋನಿಕಾ ಕುರ್ಚಿಯ ಮೇಲೆ ಬರೀ ಚಡ್ಡಿ, ಶಿಮ್ಮಿಯಲ್ಲಿ ನಿಂತಿದ್ದಳು. ನನ್ನ ಮೂರು ಗಂಟಿಗೆ ಗೌರವ ಕೊಡದೆ ಬೂಟಿನಿಂದ ಕಾಲನ್ನೇ ಎಳೆದುಕೊಂಡಿದ್ದಳು. ಅಂಚಿಗೆ ಅಂಚು ಸೇರಿಸಿ ಮಡಿಸಿದ ಫ್ರಾಕನ್ನು ಆ ಬಿಳಿ ಕೈಗವಸಿನವನಿಗೆ ಕೊಡುತ್ತಾ, ಥೇಟ್ ನನ್ನ ದನಿಯಲ್ಲಿ ಹೇಳುತ್ತಿದ್ದಳು: "ಮೇಲಿಡಿ. ಎಂಜಲು ಕೈಯಲ್ಲಿ ಮುಟ್ಟಬೇಡಿ. ಒಗೆಯೋರು ಯಾರು?"

ಅವನು ಬಹಳ ವಿನಯದಿಂದ ಬಗ್ಗಿ, ಮಕ್ಕಳ ಊಟದ ರೂಮಿನ ದಾರಿ ತೋರಿಸಿದ. ನಾನು ನಿಟ್ಟುಸಿರು ಬಿಟ್ಟು, ಸೂಪಿನ ಹಬೆಗೆ ಮನಸ್ಸಿನಲ್ಲೇ ವಿದಾಯ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನೀನು ಕೂತ್ಕೋ! ನಾನು ಹೋಗ್ತೀನಿ!"

ಯಜಮಾನರು! ಮಗುವನ್ನು ಬಾಚಿ ಎತ್ತಿಕೊಂಡು, ಫ್ರಾಕು ಕಸಿದುಕೊಂಡು, ಮೇಜುಗಳ ನಡುವೆ ಓಡಿದರು. ಪಕ್ಕದಲ್ಲಿದ್ದ ಹೆಂಗಸು, "ಎಷ್ಟು ಒಳ್ಳೆಯವರು ನಿಮ್ಮ ಮನೆಯವರು! ಪುಣ್ಯ ಮಾಡಿದ್ರಿ" ಎಂದಳು. ಪುಣ್ಯ! ಊಟದ ನಡುವೆ ಮಗುವಿಗಾಗಿ ಕಿರುಬೆರಳೂ ಅಲ್ಲಾಡಿಸದ ಮನುಷ್ಯ ಓಡುತ್ತಾರೆಂದರೆ, ಓಡುವ ಜಾಗದಲ್ಲಿ ಏನೋ ಇರಲೇಬೇಕು. ಏನು? ಯಾರು?

ಬಾಗಿಲು ನೋಡುತ್ತಲೇ ಸೂಪು ಕುಡಿದೆ. ಮುಂದಿನ ತಟ್ಟೆ ಬಂದಿತು. ಕೆನೆಯಲ್ಲಿ ಬೇಯಿಸಿದ ತರಕಾರಿ, ಮೇಲೆ ಕರಗುತ್ತಿರುವ ಚೀಸು. ಇಷ್ಟು ವರ್ಷ ಕಾದ ಊಟ ನನ್ನ ಕಣ್ಣೆದುರೇ ಇತ್ತು. ಒಂದು ತುಂಡು ಕತ್ತರಿಸಿದೆ; ಎಷ್ಟು ನಾಜೂಕಾಗಿ ಎಂದರೆ ಪಕ್ಕದ ಹೆಂಗಸು ನನ್ನನ್ನು ನೋಡಿ ಕಲಿಯುತ್ತಿದ್ದಳು. ಬಾಯಿಗಿಡುವ ಮುಂಚೆ ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಚಾಕು, ಫೋರ್ಕನ್ನು ತಟ್ಟೆಯ ಮೇಲೆ ನೀಟಾಗಿ ಜೋಡಿಸಿಟ್ಟು ಎದ್ದೇಬಿಟ್ಟೆ.

ಮಕ್ಕಳ ಊಟದ ರೂಮಿನ ಬಾಗಿಲನ್ನು ಸದ್ದಿಲ್ಲದೆ ತಳ್ಳಿದೆ. ಒಳಗೆ ಬಣ್ಣಬಣ್ಣದ ಪುಟ್ಟ ಕುರ್ಚಿಗಳು. ಅಂಥದೊಂದು ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಟೈಯನ್ನು ಬೆನ್ನ ಹಿಂದೆ ಹಾಕಿಕೊಂಡು, ನನ್ನ ಯಜಮಾನರು ಐದು ಬೆರಳಿನಿಂದ ಅನ್ನ, ಸಾರು ಕಲಸಿ ಹೊಡೆಯುತ್ತಿದ್ದರು. ಪಕ್ಕದಲ್ಲಿ ಆಲೂರಿನ ಡೀಲರ್ ಬಸವರಾಜು. ಅವರ ಮಗ ಬರಿಗಾಲಿನಲ್ಲಿದ್ದ. ಬೇರೆ ಯಾರೂ ಇರಲಿಲ್ಲ. ಒಂದು ಬಾಟಲಿಯೂ ಇರಲಿಲ್ಲ. ಉಪ್ಪಿನಕಾಯಿ ಇತ್ತು.

"ಬನ್ನಿ ಅಕ್ಕಾ" ಎಂದರು ಬಸವರಾಜು ತುಂಬಿದ ಬಾಯಲ್ಲಿ. "ನಾನೇ ಹೇಳಿದ್ದೆ ಇವನಿಗೆ. ಹೋದ ಸಲ ಆ ಚಾಕು ಚೂರಿಲಿ ಉಣ್ಣಕ್ಕೆ ಹೋಗಿ ಮ್ಯಾನೇಜರ್ ಮಡಿಲಿಗೆ ಆಲೂಗೆಡ್ಡೆ ಹಾರಿಸ್ಬುಟ್ಟೆ ಕಣಕ್ಕಾ. ಮಗೀಗೆ ಬೂಟು ಹಾಕಬೇಡ ಮಾರಾಯ, ಇಲ್ಲಿ ಅನ್ನ ಸಾರು ಸಿಗ್ತದೆ ಅಂದೆ."

ನಾನು ಯಜಮಾನರನ್ನು ನೋಡಿದೆ. "ಇದನ್ನ ನನಗೆ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?"

"ಹೇಳಿದ್ರೆ ನಗ್ತಿದ್ದೆ ನೀನು" ಎಂದರು ಸಾರಿನ ಕೈ ನೋಡಿಕೊಳ್ಳುತ್ತಾ. "ಮಗೂನ ನಾನು ನೋಡ್ಕೊಂಡ್ರೆ ನೀನು ಅಲ್ಲಿ ರಾಣಿ ಹಂಗೆ ಕೂತು ಉಣ್ಬೋದಿತ್ತಲ್ಲ. ಇಲ್ಲಿಗ್ಯಾಕೆ ಬಂದೆ ಕಣೆ? ಹೋಗು, ಆರೋಗ್ತದೆ."

ರೇಷ್ಮೆ ಸೀರೆ ಎತ್ತಿಕೊಂಡು ಓಡಿದೆ. ನನ್ನ ಜಾಗದಲ್ಲಿ ಮೇಜುಬಟ್ಟೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಡೀಲರುಗಳ ಜೊತೆ ಬಂದಿದ್ದ ಮೋಹನ್ ಓಡಿಬಂದ. "ಅಕ್ಕಾ, ಚಾಕು ಫೋರ್ಕು ಜೋಡಿಸಿಟ್ರಲ್ಲ? ಹಂಗಿಟ್ರೆ ಊಟ ಸಾಕು ಅಂತ ಅರ್ಥ. ತಗೊಂಡು ಹೋಗ್ಬಿಟ್ರು. ಐಸ್‌ಕ್ರೀಂ ಸುತ್ತೂ ಮುಗೀತು."

ಎಲ್ಲಿ ಏನು ಕಂಡರೂ ನೀಟಾಗಿ ಜೋಡಿಸಿಡುವ ಈ ಕೈಗೆ ಬೆಂಕಿ ಹಾಕ!

ಮಕ್ಕಳ ರೂಮಿಗೆ ವಾಪಸು ಬಂದೆ. ಅನ್ನದ ಪಾತ್ರೆ ಖಾಲಿ. ಯಜಮಾನರು ತೇಗಿ, ಬಸವರಾಜು ಜೊತೆ ಸಮುದ್ರ ನೋಡಲು ಹೊರಟಿದ್ದರು. ಮೋನಿಕಾ ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಸಾಕಮ್ಮ, ನೀನು ತಿನ್ನು" ಎಂದಳು. ತಣ್ಣಗಾದ ಮೂರು ತುತ್ತು ಮೊಸರನ್ನ. ನಾನು ಕೂರಬಹುದಾದ ಕುರ್ಚಿ ಅಲ್ಲಿ ಒಂದೂ ಇರಲಿಲ್ಲ. ಫ್ರಾಕನ್ನು ಹೆಗಲ ಮೇಲೆ ಹಾಕಿಕೊಂಡು, ನಿಂತೇ ಉಂಡೆ.

ಉಂಡಾದ ಮೇಲೆ ಏನು ನಡೆಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟು: ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಸಾಲಾಗಿ ಪುಟ್ಟ ಮೇಜುಗಳು ಒರೆಸಿ ಹೊಳೆಯುತ್ತಿದ್ದವು, ಕೊನೆಯ ಮೇಜಿನ ಅಡಿಯ ಅನ್ನದ ಅಗುಳನ್ನು ನಾನು ಆಯುತ್ತಿದ್ದೆ. ತಲೆ ಎತ್ತಿದರೆ, ಆ ರೂಮಿನ ಕೆಲಸದ ಹುಡುಗಿ ಎರಡೂ ಕೈ ಖಾಲಿ ಬಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ರೇಷ್ಮೆ ಸೀರೆ ಉಟ್ಟು ತನ್ನ ಕೆಲಸ ಕಿತ್ತುಕೊಂಡ ಈ ಹೆಂಗಸು ಯಾರು, ಇವಳ ಒಳ ಉದ್ದೇಶ ಏನು ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಳು.