ಅರಿಶಿಣ ವ್ಯಾಪಾರಿಯ ಕುದುರೆ, ನನ್ನ ಮೈಕು

ರೇಸಿನ ಕುದುರೆಗಳ ನಡುವೆ ಬದುಕುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ನಾಲ್ಕು ಕಾಲಲ್ಲಿ ಅವನನ್ನು ಹುಡುಕಿಕೊಂಡು ಬರುತ್ತದೆ, ಒಮ್ಮೊಮ್ಮೆ ಒದ್ದೂ ಹೋಗುತ್ತದೆ. ನಾನು ಹೈದರಾಬಾದಿನ ರೇಸ್‌ಕೋರ್ಸಿನಲ್ಲಿ ಕಾಮೆಂಟರಿ ಹೇಳುವವನು. ಎತ್ತರದಲ್ಲೊಂದು ಗಾಜಿನ ಗೂಡು. ಅದರೊಳಗೆ ನಿಂತು, ಕಣ್ಣಿಗೆ ದುರ್ಬೀನು ಒತ್ತಿಕೊಂಡು, ಯಾವ ಕುದುರೆ ಮುಂದಿದೆ, ಯಾವುದು ಹಿಂದುಳಿದಿದೆ ಅಂತ ಉಸಿರು ಬಿಡದೆ ಮೈಕಿನಲ್ಲಿ ಕೂಗುವುದೇ ನನ್ನ ಕೆಲಸ. ಹುಟ್ಟಿದ್ದು ಮುಧೋಳದಲ್ಲಿ, ಅಪ್ಪನ ರೈಲ್ವೆ ನೌಕರಿಯಿಂದಾಗಿ ಬೆಳೆದದ್ದು ಮಲ್ಕಾಜ್‌ಗಿರಿಯಲ್ಲಿ. ಬೇಟೆನಾಯಿಗೆ ಹೆಸರಾದ ಊರಲ್ಲಿ ಹುಟ್ಟಿ ಕುದುರೆಯ ಹಿಂದೆ ಬಿದ್ದನಲ್ಲ ಅಂತ ನಮ್ಮ ನೆಂಟರಿಗೆ ಇವತ್ತಿಗೂ ಸಿಟ್ಟು.

ನೂರಾರು ಕುದುರೆಗಳನ್ನು ಕಂಡಿದ್ದೇನೆ. ಆದರೆ ಈಗ ಹೇಳುವುದು ಒಂದೇ ಒಂದರ ಕಥೆ. 

ಹೆಣ್ಣು ನೋಡುವ ಶಾಸ್ತ್ರ

ಬೇಗಂ ಬಜಾರಿನಲ್ಲಿ ಅರಿಶಿಣದ ಸಗಟು ವ್ಯಾಪಾರ ಮಾಡುವ ಒಬ್ಬರಿದ್ದಾರೆ. ಬಾಗಲಕೋಟೆ ಕಡೆಯವರು, ಹಾಗಾಗಿ ನನಗೆ ಊರಿನವರಿದ್ದಂತೆ. ಒಂದು ದಿನ ಇದ್ದಕ್ಕಿದ್ದಂತೆ ಅವರಿಗೆ ಕುದುರೆ ಕೊಳ್ಳುವ ಹುಕಿ ಬಂತು. "ನೀವು ಬರ್ರಿ ನನ್ನ ಜೋಡಿ. ನನಗ ಅರಿಶಿಣದ ಕೊಂಬು ನೋಡಿ ಗೊತ್ತೇ ಹೊರತು ಕುದುರಿ ಕಾಲು ನೋಡಿ ಗೊತ್ತಿಲ್ಲ" ಅಂದರು. ಇಬ್ಬರೂ ಶಂಶಾಬಾದ್ ದಾಟಿ, ಕುದುರೆ ಸಾಕುವ ಒಂದು ಫಾರ್ಮಿಗೆ ಹೋದೆವು. ತಲೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಮರಿಗಳು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿದ್ದವು.

ಫಾರ್ಮಿನ ಮ್ಯಾನೇಜರು ಒಂದು ಕೆಂದು ಬಣ್ಣದ ಹೆಣ್ಣುಮರಿಯನ್ನು ಎದುರಿಗೆ ನಿಲ್ಲಿಸಿ ವಂಶಾವಳಿ ಹೇಳತೊಡಗಿದರು. ಅಪ್ಪ ಐರ್ಲೆಂಡಿನವನು, ಅಜ್ಜ ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಪಂದ್ಯ ಗೆದ್ದವನು, ಮುತ್ತಜ್ಜನ ಹೆಸರು ಕೇಳಿದರೆ ಅಮೆರಿಕದವರು ಎದ್ದು ನಿಲ್ಲುತ್ತಾರೆ. ರಕ್ತದ ವಿಷಯ ಬಂದರೆ ನನಗೆ ರೋಮಾಂಚನ. ಆದರೆ ಅರಿಶಿಣದವರು ಆಕಳಿಸಿದರು.

"ಅವೆಲ್ಲಾ ದೂರದ ಮಾತಾತ್ರಿ. ತಾಯಿ ಕಡೆ ಹೆಂಗದಾರ, ಅದನ್ನ ಹೇಳ್ರಿ. ಸೋದರಮಾವಂದಿರು ಎಷ್ಟ ಮಂದಿ?"

"ಮೂವರು ಸಾರ್. ಒಬ್ಬ ಮುಂಬೈಯಲ್ಲಿ ಗೆದ್ದಿದ್ದಾನೆ."

"ಹೂಂ."

"ಇನ್ನೊಬ್ಬ ಕೋಲ್ಕತ್ತಾದಲ್ಲಿ ಕಪ್ ಹೊಡೆದಿದ್ದಾನೆ."

"ಹೂಂ. ಮೂರನೆಯವ?"

ಮ್ಯಾನೇಜರು ಸ್ವಲ್ಪ ತಡವರಿಸಿದರು. "ಅವನು... ಓಟದಲ್ಲಿ ಅಷ್ಟು ಸರಿಬರಲಿಲ್ಲ ಸಾರ್. ಪೊಲೀಸ್ ಇಲಾಖೆಗೆ ಕೊಟ್ಟುಬಿಟ್ಟೆವು. ಈಗ ಅಲ್ಲೇ ಅಶ್ವದಳದಲ್ಲಿದ್ದಾನೆ."

ಅರಿಶಿಣದವರು ಕುರ್ಚಿಯಿಂದ ಎದ್ದೇಬಿಟ್ಟರು. "ಸೋದರಮಾವ ಸರ್ಕಾರಿ ನೌಕರಿಯೊಳಗ ಅದಾನ ಅಂತ ಮೊದಲ ಹೇಳಬಾರದೇನ್ರಿ? ಸಂಬಂಧ ಕುದುರ್ತು!"

ನಾಮಕರಣ

ರೇಸಿನ ಕುದುರೆಗೆ ಹೆಸರಿಡುವುದು ಮಗುವಿಗೆ ಇಟ್ಟಷ್ಟು ಸುಲಭವಲ್ಲ. ಬೇರೆ ಯಾವ ಕುದುರೆಗೂ ಆ ಹೆಸರಿರಬಾರದು, ಬರೆಯಲು ತೀರಾ ಉದ್ದವೂ ಆಗಬಾರದು. ನನ್ನದೂ ಒಂದು ಅಭಿಪ್ರಾಯವಿದೆ: ಹೆಸರಿಡುವ ಮೊದಲು ಕಾಮೆಂಟರಿ ಹೇಳುವವನನ್ನು ಒಂದು ಮಾತು ಕೇಳಬೇಕು. ನಾಲಿಗೆ ಹೊರಳದ ಹೆಸರಿನ ಎರಡು ಕುದುರೆ ಜೊತೆಜೊತೆಗೆ ಓಡಿದರೆ ಅವು ಗುರಿ ಮುಟ್ಟುವ ಮೊದಲು ನಾನೇ ಮುಗ್ಗರಿಸುತ್ತೇನೆ.

ಹಾಗಾಗಿ ಅರಿಶಿಣದವರ ಮನೆಯಲ್ಲಿ ಸಭೆ ಸೇರಿದಾಗ ನನ್ನನ್ನೂ ಕರೆದಿದ್ದರು. ಅವರಿಗೆ ಹೆಂಡತಿಯ ಹೆಸರೇ ಇಡುವ ಆಸೆ. ಪ್ರೀತಿಯಿಂದಲೇ ಹೇಳಿದರು, ಪಾಪ. ಚಹಾದ ತಟ್ಟೆ ಹಿಡಿದು ಬಂದ ಆಕೆ ಅಲ್ಲೇ ನಿಂತರು.

"ನನ್ನ ಹೆಸರು ಬ್ಯಾಡ್ರಿ. ಇವರು ಮೈಕಿನಾಗ 'ಆಕಿಗೆ ಸುಸ್ತಾತು, ಹಿಂದ ಬಿದ್ದಳು, ಇನ್ನ ಆಗೂದಿಲ್ಲ ಆಕಿ ಕಡಿಂದ' ಅಂತ ಒದರೂದು, ಇಡೀ ಹೈದರಾಬಾದ್ ಕೇಳೂದು. ಏನು ಮರ್ಯಾದಿ ಉಳೀತೈತಿ?"

"ಮತ್ತ ಯಾರ ಹೆಸರಿಡೂಣು?"

"ನಿಮ್ಮ ಅವ್ವನ ಹೆಸರಿಡ್ರಿ. ಕೊನೀಗೆ ಜಾಕಿ ಚಾಟಿ ಎತ್ತಿದಾಗ ನನಗೂ ಒಂದೀಟು ಸಮಾಧಾನ ಆಗ್ಲಿ."

ಒಳಕೋಣೆಯಿಂದ ಅತ್ತೆಯ ದನಿ ಬಂತು: "ನನಗ ಕಣ್ಣಷ್ಟ ಮಂಜಾಗ್ಯಾವ. ಕಿವಿ ಚೊಲೋ ಅದಾವ!"

ಮರುಕ್ಷಣವೇ ಎಲ್ಲರೂ ಒಮ್ಮತದಿಂದ 'ಹಳದಿ ರಾಣಿ' ಅಂತ ಹೆಸರಿಟ್ಟರು.

ಪಕ್ಷಾಂತರ

ಹಳದಿ ರಾಣಿಯನ್ನು ಮೊದಲು ತರಬೇತಿಗೆ ಬೆಂಗಳೂರಿಗೆ ಕಳಿಸಿದ್ದರು. ಆದರೆ ಅರಿಶಿಣದವರಿಗೆ ದಿನಾ ಬೆಳಿಗ್ಗೆ ಅವಳ ಮುಖ ನೋಡದೆ ಊಟ ಸೇರದಾಯಿತು. ವಾಪಸು ಕರೆಸಿ ಹೈದರಾಬಾದಿನ ಒಬ್ಬ ಹಳೆಯ ತರಬೇತುದಾರರ ಕೈಗೆ ಒಪ್ಪಿಸಿದರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ. ಮಾತು ಕಡಿಮೆ, ಆಡಿದರೆ ದಖ್ಖನಿ.

ಮೊದಲ ರೇಸು. ಬೆಳಗಿನ ತಾಲೀಮಿನಲ್ಲಿ ಗಾಳಿಯಂತೆ ಹಾರುತ್ತಿದ್ದ ಹುಡುಗಿ ಅವತ್ತು ಎಲ್ಲ ಕುದುರೆಗಳ ಹಿಂದೆ, ಮೆರವಣಿಗೆಗೆ ಬಂದವಳಂತೆ, ಅತ್ತ ಇತ್ತ ನೋಡುತ್ತ ಬಂದಳು. ಕೊನೆಯ ಸ್ಥಾನ.

ಅವತ್ತೇ ಒಂದು ತೆಲುಗು ಟಿವಿ ಚಾನೆಲ್ಲಿನ ವರದಿಗಾರ ಬಂದಿದ್ದ. ಅವನು ರಾಜಕೀಯದ ವರದಿಗಾರ. ಕ್ರೀಡೆಯವನಿಗೆ ಜ್ವರ ಬಂದಿತ್ತೆಂದು ಇವನನ್ನು ಕಳಿಸಿದ್ದರು. ರೇಸಿನ ವರದಿಯೆಂದರೆ ಕ್ರಿಕೆಟ್ಟಿನ ವರದಿಯಲ್ಲಿ ಕುದುರೆ ಸೇರಿಸಿದರಾಯಿತು ಅಂದುಕೊಂಡವರೇ ಹೆಚ್ಚು ಅಂತ ನಾನು ಗೊಣಗುತ್ತಿರುತ್ತೇನೆ. ಇವನು ಅದನ್ನೂ ಮೀರಿಸಿದ. ನೆಟ್ಟಗೆ ಜಾಕಿಯ ಬಾಯಿಗೆ ಮೈಕು ಹಿಡಿದು ಕೇಳಿದ:

"ಈ ಸೋಲಿನ ಹಿಂದೆ ಯಾರ ಕೈವಾಡವಿದೆ?"

ಜಾಕಿ ಬೆವರು ಒರೆಸಿಕೊಳ್ಳುತ್ತ, "ಕೈ ಏನೂ ಇಲ್ಲ ಸಾರ್, ಎಲ್ಲಾ ಕಾಲಿನದೇ" ಅಂದ.

ಅವನನ್ನು ಬಿಟ್ಟು ವರದಿಗಾರ ಉಸ್ತಾದರ ಕಡೆ ತಿರುಗಿದ. "ಈ ಕುದುರೆ ಮೊನ್ನೆಯವರೆಗೆ ಬೆಂಗಳೂರಿನ ಕಡೆಗಿತ್ತು. ಈಗ ನಿಮ್ಮ ಕಡೆ ಬಂದಿದೆ. ಈ ಪಕ್ಷಾಂತರಕ್ಕೆ ಕಾರಣ?"

ಉಸ್ತಾದ್ ಗಡ್ಡ ಸವರಿಕೊಂಡು ಹೇಳಿದರು: "ಇದರ್ ಘಾಸ್ ಅಚ್ಛಾ ಹೈ, ಮಿಯಾ." ಇಲ್ಲಿ ಮೇವು ಚೆನ್ನಾಗಿದೆ ಅಂತ.

ವರದಿಗಾರ ಮೈಕು ಕೆಳಗಿಳಿಸಿ ನಿಟ್ಟುಸಿರುಬಿಟ್ಟ. "ಇಷ್ಟು ವರ್ಷದಿಂದ ಇದೇ ಪ್ರಶ್ನೆ ಕೇಳ್ತಿದ್ದೀನಿ ಸಾರ್. ಸತ್ಯ ಹೇಳಿದವರು ನೀವೇ ಮೊದಲು."

ಅಜ್ಜಿಯ ತಪಾಸಣೆ

ಎರಡನೇ ರೇಸಿನಲ್ಲೂ ಅದೇ ಕಥೆಯಾಯಿತು. ಈಗ ಸಲಹೆಗಳ ಸುರಿಮಳೆ. ಬಜಾರಿನ ಮೆಣಸಿನಕಾಯಿ ವ್ಯಾಪಾರಿ, ಲಾಯದ ಬಾಗಿಲು ದಕ್ಷಿಣಕ್ಕಿದೆ ಅಂದರು. ಬೆಲ್ಲದವರು ದೃಷ್ಟಿಯಾಗಿದೆ ಅಂದರು. ವ್ಯಾಪಾರಿಯ ತಾಯಿಗೆ ಮಾತ್ರ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. "ನಾನ ಹೋಗಿ ನೋಡ್ತೀನಿ" ಅಂತ ಹೊರಟೇಬಿಟ್ಟರು. ಮಗ ಜೊತೆಗೆ ಹೊರಟರು; ಲಾಯದ ಕಟ್ಟುಪಾಡು ತಿಳಿದ ಒಬ್ಬರು ಬೇಕಲ್ಲ ಅಂತ ನಾನೂ ಹೋದೆ.

ಮುದುಕಿ ಲಾಯದೊಳಗೆ ಹೋಗಿ ಹಳದಿ ರಾಣಿಯ ಹಣೆ ಸವರಿದರು. ಕುದುರೆ ಕಣ್ಣು ಮುಚ್ಚಿ ಅವರ ಹೆಗಲ ಮೇಲೆ ಗದ್ದವಿಟ್ಟಿತು. ನಮಗೆಲ್ಲ ಹೊಟ್ಟೆಕಿಚ್ಚು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಅಂಟಿನುಂಡೆ ಹೊರತೆಗೆದದ್ದೇ ತಡ, ಉಸ್ತಾದ್ ಹೌಹಾರಿ ನಡುವೆ ನುಗ್ಗಿದರು. "ನಕ್ಕೋ ಅಮ್ಮಾ, ನಕ್ಕೋ!"

ಬೇಡ ಅನ್ನುತ್ತಿದ್ದಾರೆ ಅಂತ ನಾನು ತಿಳಿಹೇಳಿದೆ: "ಹೊರಗಿಂದು ಏನೂ ತಿನಿಸೂ ಹಂಗಿಲ್ಲರಿ ಅಜ್ಜಿ. ಅದರಾಗ ಜಾಜಿಕಾಯಿ, ಗಸಗಸಿ ಏನೇನಿರ್ತೈತೋ. ಗೆದ್ದ ಕುದುರಿ ಮೂತ್ರ ಪರೀಕ್ಷಾ ಮಾಡ್ತಾರ. ಏನರ ಸಿಕ್ಕರ ಗೆದ್ದದ್ದೂ ಹೋಗತೈತಿ."

"ಗೆದ್ದಾಕಿ ಎಲ್ಲಾರ ಮುಂದ ಮೂತ್ರಾ ಕೊಡಬೇಕಾ?"

"ಎಲ್ಲಾರ ಮುಂದ ಅಲ್ರಿ. ಡಾಕ್ಟರು, ಒಬ್ಬಿಬ್ಬರು ಸಿಬ್ಬಂದಿ..."

"ಸೋತಾಕಿ?"

"ಸೋತವರಿಗೆ ಸಾಮಾನ್ಯ ಅಂಥಾದ್ದೇನಿಲ್ಲರಿ."

ಅಜ್ಜಿ ಉಂಡೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಹಳದಿ ರಾಣಿಯ ಕೆನ್ನೆ ಹಿಂಡಿ, ಮಗನ ಕಡೆ ತಿರುಗಿದರು. "ತಿಳೀತೇನೋ? ಆಕಿಗೆ ಓಡಾಕ ಬರೂದಿಲ್ಲ ಅಂತ ಅಲ್ಲ. ಸಭ್ಯಸ್ತರ ಮನಿ ಹೆಣ್ಣು. ನಾಚಿಕೊಂಡು ಹಿಂದ ಉಳದಾಳ!"

ಮೈಕು

ಉಸ್ತಾದರಿಗೆ ಮಾತ್ರ ಬೇರೆ ಅನುಮಾನವಿತ್ತು. ಹಳದಿ ರಾಣಿ ಸೋಮಾರಿಯಲ್ಲ, ಸಂಗಜೀವಿ. ಪಕ್ಕದಲ್ಲಿ ಇನ್ನೊಂದು ಕುದುರೆ ಕಂಡರೆ ಅದರ ಜೊತೆಗೇ ಹೆಜ್ಜೆ ಹಾಕುತ್ತಾಳೆ, ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಅದಕ್ಕೆ ಮುಂದಿನ ರೇಸಿಗೆ ಅಕ್ಕಪಕ್ಕ ಕಾಣದಂತೆ ಕಣ್ಣಪಟ್ಟಿ ಕಟ್ಟಲು ನಿರ್ಧರಿಸಿದರು. ಇದೇ ಕೊನೆಯ ಅವಕಾಶ. ಇದರಲ್ಲೂ ಸೋತರೆ ಓಟ ಬಿಡಿಸಿ ಮರಿ ಹಾಕಲು ಫಾರ್ಮಿಗೆ ಕಳಿಸುವುದೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಅರಿಶಿಣದವರು ಆ ವಾರವಿಡೀ ಅಂಗಡಿಯಲ್ಲಿ ಗಿರಾಕಿಗಳು ಅರಿಶಿಣ ಕೇಳಿದರೆ ಧನಿಯಾ ಕೊಟ್ಟರಂತೆ.

ಭಾನುವಾರ. ಸ್ಟ್ಯಾಂಡು ತುಂಬಿತ್ತು. ಒಂದು ಮೂಲೆಯಲ್ಲಿ ಅರಿಶಿಣದವರ ಇಡೀ ಸಂಸಾರ, ಅಜ್ಜಿಯೂ ಸೇರಿ. ನಾನು ಮೇಲೆ ಗೂಡಿನಲ್ಲಿ. ಕಾಮೆಂಟರಿ ಹೇಳುವವನಿಗೆ ತನ್ನ ಕುದುರೆ ಅಂತ ಇರಬಾರದು. ದನಿಯಲ್ಲಿ ಕೂಡ ಪಕ್ಷಪಾತ ಸಲ್ಲದು. ಹೊಸಬರಿಗೆ ಇದನ್ನು ಪಾಠ ಹೇಳುವವನೇ ನಾನು.

ಗೇಟು ತೆರೆಯಿತು. ಎಂದಿನಂತೆ ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿಯಲ್ಲಿ ಹೇಳುತ್ತ ಹೋದೆ. ಹಳದಿ ರಾಣಿ ಹಿಂದಿನಿಂದ ಎರಡನೆಯವಳು. ತಿರುವಿನಲ್ಲಿ ಮೂರು ಕುದುರೆಗಳನ್ನು ದಾಟಿದಳು. ನನ್ನ ದನಿ ಒಂದು ಮೆಟ್ಟಿಲು ಏರಿತು. ನೇರ ಹಾದಿಗೆ ಬಂದಾಗ ಹೊರಗಿನ ಸಾಲಿಗೆ ಸರಿದು, ಕುತ್ತಿಗೆ ಚಾಚಿ, ಧೂಳು ಹಾರಿಸುತ್ತ ನುಗ್ಗಿದಳು ನೋಡಿ! ಮುಂದೆ ಉಳಿದದ್ದು ಒಂದೇ ಕುದುರೆ, ಒಬ್ಬ ದೊಡ್ಡ ಬಿಲ್ಡರನದು, ಅವತ್ತಿನ ಎಲ್ಲ ಪಂಡಿತರ ಮೆಚ್ಚಿನದು. ಇಬ್ಬರ ನಡುವೆ ಒಂದು ಮೈ ಅಂತರ. ಅರ್ಧ ಮೈ. ಕೆಳಗೆ ಸ್ಟ್ಯಾಂಡು ಸ್ಟ್ಯಾಂಡೇ ಎದ್ದು ನಿಂತಿತ್ತು. ಇಂಗ್ಲಿಷ್ ಎತ್ತ ಹೋಯಿತೋ, ಹಿಂದಿ ಎತ್ತ ಹೋಯಿತೋ. ಧ್ವನಿವರ್ಧಕಗಳಲ್ಲೆಲ್ಲ ಅಚ್ಚ ಮುಧೋಳ ಮೊಳಗಿತು:

"ಬಾರವ್ವಾ ಬಾ! ಬಿಡಬ್ಯಾಡ! ಎಳೀ! ಇನ್ನೊಂದ ಹೆಜ್ಜಿ! ಎಳೀ ನಿಮ್ಮವ್ವನ, ಎಳೀ!"

ಮೂಗಿನಳತೆಯಲ್ಲಿ ಗೆದ್ದಳು! ಫೋಟೋ ನೋಡಿ ಫಲಿತಾಂಶ ಸಾರುವವರೆಗೆ ಯಾರೂ ಉಸಿರಾಡಲಿಲ್ಲ. ಸಾರಿದ ಮೇಲೆ ಬೇಗಂ ಬಜಾರಿನ ಅರ್ಧ ಜನ ಕುಣಿಯುತ್ತಿದ್ದರು. ಅರಿಶಿಣದವರು ಅಳುತ್ತ ಜಾಕಿಯನ್ನು ಬಿಟ್ಟು ಕುದುರೆಯ ಕೊರಳಿಗೆ ಜೋತುಬಿದ್ದರು.

ನನಗೆ ಮಾತ್ರ ತೀರ್ಪುಗಾರರ ಕೋಣೆಯಿಂದ ಕರೆ ಬಂತು. ಮುಖ್ಯ ತೀರ್ಪುಗಾರರು ಸೈನ್ಯದಿಂದ ನಿವೃತ್ತರಾದ ಕರ್ನಲ್. ಉತ್ತರದವರು, ಶಿಸ್ತಿನ ಮೂರ್ತಿ, ಕನ್ನಡದ ಗಂಧವಿಲ್ಲ. ಪಕ್ಕದಲ್ಲಿ ಆ ಬಿಲ್ಡರು ಕೆಂಪಗೆ ನಿಂತಿದ್ದ. ಕಾಮೆಂಟರಿಯವನು ಎದುರಾಳಿ ಕುದುರೆಯನ್ನು ಹುರಿದುಂಬಿಸಿ ಏನೋ ಕೂಗಿದ, ಅದಕ್ಕೇ ನನ್ನ ಕುದುರೆ ಬೆದರಿತು ಅಂತ ಅವನ ದೂರು.

ಇಷ್ಟು ವರ್ಷದ ಕೆಲಸ ಇವತ್ತಿಗೆ ಮುಗಿಯಿತು ಅನ್ನಿಸಿತು. ಧ್ವನಿಮುದ್ರಣ ಹಾಕಿಸಿದರು. ನನ್ನ ಗಂಟಲು ಕೋಣೆಯ ಗೋಡೆಗೆಲ್ಲ ಬಡಿಯಿತು. ಕರ್ನಲ್ ಕೈಯೆತ್ತಿ ನಿಲ್ಲಿಸಿದರು.

"ಈ ಕೊನೆಯ ಮಾತು. 'ನಿಮ್ಮವ್ವನ'. ಇದರ ಅರ್ಥವೇನು?"

ಸುಳ್ಳು ಹೇಳುವ ಧೈರ್ಯವಿಲ್ಲ, ಪೂರ್ತಿ ಸತ್ಯ ಹೇಳುವ ಧೈರ್ಯ ಮೊದಲೇ ಇಲ್ಲ. ನೆಟ್ಟಗೆ ನಿಂತು ಹೇಳಿದೆ: "ಅದು ಕುದುರೆಯ ತಾಯಿಗೆ ಸಂಬಂಧಿಸಿದ್ದು, ಸಾರ್."

"ತಾಯಿಗೆ?"

"ಹೌದು ಸಾರ್. ತಾಯಿಯನ್ನು... ನೆನಪಿಸಿದೆ."

ಕರ್ನಲ್ ಹುಬ್ಬೇರಿಸಿ ಬಿಲ್ಡರನ ಕಡೆ ನೋಡಿದರು. "ಅಂದರೆ ವಂಶಾವಳಿ. ಇದರಲ್ಲಿ ಆಕ್ಷೇಪಿಸುವಂಥದ್ದೇನಿದೆ? ಉತ್ತಮ ಕಾಮೆಂಟರಿಯಲ್ಲಿ ತಾಯಿಯ ಪ್ರಸ್ತಾಪ ಬರಲೇಬೇಕು."

ನಾನು ಹೋದ ಜೀವ ಬಂದಂತಾಗಿ, ಸಲಾಮು ಹೊಡೆದು ಬಾಗಿಲಿನತ್ತ ತಿರುಗಿದೆ.

"ನಿಲ್ಲಿ" ಅಂದರು ಕರ್ನಲ್. "ಆದರೂ ನೀವು ಒಂದೇ ಕುದುರೆಯ ತಾಯಿಯನ್ನು ನೆನಪಿಸಿದ್ದು ಪಕ್ಷಪಾತ. ಮುಂದಿನ ಭಾನುವಾರದಿಂದ, ಇಲ್ಲಿ ಓಡುವ ಪ್ರತಿಯೊಂದು ಕುದುರೆಗೂ, ಯಾವ ಭೇದಭಾವವಿಲ್ಲದೆ, ಅಷ್ಟೇ ಗಟ್ಟಿಯಾಗಿ, 'ನಿಮ್ಮವ್ವನ' ಅನ್ನತಕ್ಕದ್ದು!"