ಕ್ರೂಸರ್ ಸೈಕಲ್ಲಿಗೊಂದು ರಿಮ್ಮು

ನಾರಾಯಣಪೇಟೆಯಲ್ಲಿ ಎಲ್ಲರ ಹುಚ್ಚಿಗೂ ಮರ್ಯಾದೆ ಇದೆ, ತಮ್ಮದಕ್ಕೆ ಮಾತ್ರ ಇಲ್ಲ ಎಂಬುದು ದೇವೇಂದ್ರಪ್ಪನವರ ಬಹುದಿನದ ಅಳಲು. ಪಕ್ಕದ ಮನೆಯ ಸಿದ್ದರಾಮೇಶ ಪಾರಿವಾಳ ಸಾಕಿದರೆ ಜನ ನಿಂತು ನೋಡುತ್ತಾರೆ. ಎದುರು ಮನೆಯ ಗಂಗಾಂಬಿಕಾ ಮೊಬೈಲು ನೋಡಿ ಅಡುಗೆ ಕಲಿತು ಓಣಿಗೆಲ್ಲ ಹೊಟ್ಟೆನೋವು ಹಂಚಿದರೂ ‘ಪಾಪ, ಆಸಕ್ತಿ ಐತಿ’ ಅನ್ನುತ್ತಾರೆ. ಆದರೆ ಐವತ್ತು ದಾಟಿದ ಒಬ್ಬ ಸಭ್ಯ ನೇಕಾರ ಹಳೇ ಸೈಕಲ್ಲಿಗೆ ಜೀವ ತುಂಬಲು ಹೊರಟರೆ ಮಾತ್ರ ಅದು ಕಾಯಿಲೆ! (ಕಾಯಿಲೆ ಎಂದದ್ದು ತಾಯಿ ಸಂಗಮ್ಮ. ಹೆಂಡತಿ ಶಿವಗಂಗಾ ಬಳಸಿದ ಶಬ್ದ ಇಲ್ಲಿ ಬರೆಯುವಂಥದ್ದಲ್ಲ.)

ಅದೇನು ಅಂತಿಂಥ ಸೈಕಲ್ಲೇ? ಕ್ರೂಸರ್! ಗದ್ವಾಲಿನ ಗುಜರಿ ಅಂಗಡಿಯಲ್ಲಿ ಕೆಟ್ಟ ಪಂಪ್‌ಸೆಟ್ಟಿನ ಅಡಿಯಲ್ಲಿ ಅಂಗಾತ ಬಿದ್ದಿದ್ದನ್ನು ದೇವೇಂದ್ರಪ್ಪನವರೇ ಉದ್ಧರಿಸಿ ತಂದಿದ್ದರು. ಎಮ್ಮೆಯ ಕೋಡಿನಂತೆ ಹಿಂದಕ್ಕೆ ಬಾಗಿದ ಅಗಲ ಹ್ಯಾಂಡಲ್ಲು, ಊಟದ ಮಣೆಯಷ್ಟು ವಿಶಾಲವಾದ ಸೀಟು, ದಪ್ಪ ಟೈರು. ಇಂಥ ಸೈಕಲ್ಲನ್ನು ಯಾರೂ ತುಳಿದುಕೊಂಡು ಬರುವುದಿಲ್ಲ, ದಯಮಾಡಿಸುತ್ತಾರೆ ಎಂಬುದು ಅವರ ಸಿದ್ಧಾಂತ. ತುಕ್ಕು ಉಜ್ಜಿ, ಸೀಮೆಎಣ್ಣೆಯಲ್ಲಿ ಮೀಯಿಸಿ, ಮೈಗೆಲ್ಲ ಅರಿಶಿನ ಬಣ್ಣ ಬಳಿದರು. ಮಡ್‌ಗಾರ್ಡಿನ ಉದ್ದಕ್ಕೂ ಕುಂಕುಮ ಬಣ್ಣದ ಅಂಚು ಎಳೆದು, ಚೈನ್ ಕವರಿನ ಮೇಲೆ ಸೆರಗನ್ನೇ ಬಿಡಿಸಿದರು. ಅಪ್ಪಟ ನಾರಾಯಣಪೇಟೆ ಸೀರೆ ಉಟ್ಟು ನಿಂತ ಸೈಕಲ್ಲನ್ನು ಶಿವಗಂಗಾ ಸುತ್ತು ಹಾಕಿ ನೋಡಿದಳು.

“ಮದವಿಯಾಗಿ ಇಷ್ಟ ವರ್ಷಾತು, ನನಗೊಮ್ಮೆ ಇಂಥಾ ಸೀರಿ ನೇಯ್ದಕೊಟ್ಟಿಲ್ಲ ನೋಡ್ರಿ ನೀವು” ಎಂದವಳೇ ತನ್ನ ಮಗ್ಗಕ್ಕೆ ಹೋಗಿ ಕುಳಿತಳು.

ಅವಳಿಗೆ ಮಾತಾಡಲೂ ಪುರುಸೊತ್ತಿರಲಿಲ್ಲ. ಅಕ್ಕನ ಮಗಳು ಕಾವ್ಯಳ ಮದುವೆ ಹತ್ತಿರ ಬಂದಿತ್ತು, ಧಾರೆಯ ಸೀರೆ ತನ್ನ ಕೈಯಾರೆ ನೇಯ್ದು ಕೊಡುವುದಾಗಿ ಮಾತು ಕೊಟ್ಟಿದ್ದಳು. ಸೊಸೆ ನೇಯುವುದು, ಅತ್ತೆ ಪಡಸಾಲೆಯಲ್ಲಿ ರಾಟಿ ತಿರುಗಿಸಿ ಲಡಿಯ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತಿಕೊಡುವುದು. ಆ ಕಂಡಿಕೆ ಲಾಳಿಯೊಳಗೆ ಕೂತರೇ ಮಗ್ಗ ಮುಂದೆ ಸಾಗುವುದು. ದೇವೇಂದ್ರಪ್ಪನವರ ಮಗ್ಗ ಮಾತ್ರ ವಾರದಿಂದ ಮೌನವ್ರತದಲ್ಲಿತ್ತು.

ಅವರ ಚಿಂತೆಯೇ ಬೇರೆ. ಬರುವ ಭಾನುವಾರ ಹಳೇ ಸೈಕಲ್ ಬಳಗದವರೆಲ್ಲ ಕೂಡಿ ಮಕ್ತಲಿಗೆ ಸವಾರಿ ಹೊರಡುವವರಿದ್ದರು. ಬಳಗದ ಮುಖಂಡ ಪ್ರವೀಣ್ ಕುಮಾರ್ ಫೋನ್ ಮಾಡಿ, “ಕ್ರೂಸರ್ ಅಂದ್ರ ನಿಮ್ಮದೊಂದ ರೀ. ಮುಂದ ನೀವ, ಹಿಂದ ನಾವೆಲ್ಲ” ಎಂದಿದ್ದ. ಮುಂದೆ ನೀವು ಎಂದು ದೇವೇಂದ್ರಪ್ಪನವರಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ಹೊಸ ಬಿಳಿ ಅಂಗಿ ಇಸ್ತ್ರಿಯಾಗಿತ್ತು, ಕಪ್ಪು ಕನ್ನಡಕ ಬಂದಿತ್ತು. ಹಿಂದಿನ ಚಕ್ರ ಮಾತ್ರ ಇರಲಿಲ್ಲ. ಗುಜರಿಯವನು ಕೊಟ್ಟ ರಿಮ್ಮು ಲಾರಿಯಡಿ ಸಿಕ್ಕ ಹಪ್ಪಳದಂತಿತ್ತು. ಹಾಲಿನವರ ಸೈಕಲ್ಲಿನ ರಿಮ್ಮು ಹಾಕೋಣವೆಂದರೆ ಅದು ಎತ್ತರ ಮತ್ತು ತೆಳು, ಇದಕ್ಕೆ ಬೇಕಾದ್ದು ಗಿಡ್ಡ ಮತ್ತು ಅಗಲ. ಐಜ ಊರಿನ ತನಕ ಹುಡುಕಿ ಬರಿಗೈಲಿ ಬಂದು, ಕಡೆಗೆ ಮಕ್ತಲಿನ ಸೈಕಲ್ ಅಂಗಡಿಯ ಯಲ್ಲಯ್ಯನ ಮುಂದೆ ಕೂತರು.

ಯಲ್ಲಯ್ಯ ಸೊಟ್ಟ ರಿಮ್ಮನ್ನು ನೋಡಿ ನಕ್ಕ. “ಅರೆ ಅಣ್ಣಾ, ಈ ಜಾತಿದು ನನ್ನ ಹತ್ರ ಒಂದ ಇತ್ತು. ಅದನ್ನ ನಿಮ್ಮ ಅಪ್ಪಾರ ಒಯ್ದಾರಲ್ಲ!”

“ನಮ್ಮಪ್ಪಗ ಸೈಕಲ್ಲ ಹೊಡ್ಯಾಕ ಬರತಿದ್ದಿಲ್ಲಲ್ಲೋ?”

“ಸೈಕಲ್ಲಿಗಲ್ರೀ, ರಾಟಿಗಿ! ಕಟಗಿ ಗಾಲಿ ಮುರದೈತಿ, ಗಟ್ಟಿದೊಂದು ಕೊಡು ಅಂದಿದ್ರು.”

ದೇವೇಂದ್ರಪ್ಪನವರಿಗೆ ಮಕ್ತಲಿನಿಂದ ಊರಿಗೆ ಬಸ್ಸು ಯಾವಾಗ ಬಂತೋ ತಿಳಿಯಲಿಲ್ಲ. ಊರೂರು ಅಲೆದು ಹುಡುಕಿದ ರತ್ನ ದಿನವೂ ತಮ್ಮ ಪಡಸಾಲೆಯಲ್ಲೇ, ತಾಯಿಯ ಕೈಯಲ್ಲೇ ಗರಗರ ತಿರುಗುತ್ತಿದೆ! ಅತ್ತೆ ಸೊಸೆ ಇಬ್ಬರೂ ಸೀಮಂತದ ಊಟಕ್ಕೆಂದು ನಾರ್ವಕ್ಕೆ ಹೋದ ಮಧ್ಯಾಹ್ನ ಆ ಮಹಾಕಾರ್ಯ ನಡೆದೇ ಹೋಯಿತು. ರಾಟಿಯ ರಿಮ್ಮು ಸೈಕಲ್ಲಿಗೆ, ಸೈಕಲ್ಲಿನ ಹಪ್ಪಳ ರಾಟಿಗೆ. ಹಪ್ಪಳವನ್ನು ಸುತ್ತಿಗೆಯಿಂದ ಬಡಿದು ದುಂಡಗೆ ಮಾಡಲು ಅವರು ಪಟ್ಟ ಶ್ರಮ ಸಣ್ಣದಲ್ಲ. ಕೊನೆಗೆ ಅದು ಮೊಟ್ಟೆಯ ಆಕಾರಕ್ಕೆ ಬಂತು. ತಿರುಗಿಸಿದರೆ ತಿರುಗುತ್ತಿತ್ತು, ಅಷ್ಟು ಸಾಕು ಎಂದುಕೊಂಡರು. ನೂಲಿನ ನಡುವೆಯೇ ಹುಟ್ಟಿ ಬೆಳೆದ ಮನುಷ್ಯ ಹಾಗೆ ಅಂದುಕೊಂಡರಲ್ಲ, ಅದಕ್ಕೇನು ಹೇಳೋಣ!

ರಾಟಿ ಕುಂಟಿದರೆ ಗಾಲಿಯಿಂದ ಕಂಡಿಕೆ ಕೂರುವ ಕದಿರಿಗೆ ಹೋದ ಹುರಿ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹುರಿ ಹಾಗಾದರೆ ಕಂಡಿಕೆಯೂ ಹಾಗೆಯೇ. ಸಡಿಲ ಕಂಡಿಕೆ ಲಾಳಿಯೊಳಗೆ ಸಿಂಬಿ ಸಿಂಬಿಯಾಗಿ ಕಳಚಿ ಬಿದ್ದು, ನೂಲು ಗಂಟು ಬಿದ್ದು ಪಟ್ಟೆಂದು ಹರಿಯುತ್ತದೆ. ಶಿವಗಂಗಾ ಗಂಟು ಹಾಕಿದಳು, ಬಿಚ್ಚಿದಳು, ನೇಯ್ದಷ್ಟನ್ನೇ ಮತ್ತೆ ಹಿಂದಕ್ಕೆ ಬಿಚ್ಚಿದಳು. ಸೀರೆ ಸೆರಗಿನ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು. ಶನಿವಾರ ಬೆಳಿಗ್ಗೆ ದೇವೇಂದ್ರಪ್ಪ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದಾಗ ಒಳಗಿನಿಂದ ಕರೆ ಬಂತು.

“ಏನ್ರೀ, ಇಲ್ಲಿ ಬರ್ರಿ ಒಂದೀಟು. ಈ ರಾಟಿಗಿ ಏನಾಗೈತ್ರಿ?”

“ಏನಾಗೈತಿ? ಚಲೋನ ತಿರಗಾಕತ್ತೈತಲ್ಲ.”

“ತಿರಗಾಕತ್ತಿಲ್ರೀ, ಕುಂಟಾಕತ್ತೈತಿ! ಕುಡದಾವ್ರೂ ಇದಕ್ಕಿಂತ ನೆಟ್ಟಗ ನಡೀತಾರ.”

ಬಾಯಿಗೆ ಬಂದ ಒಂದು ಸುಳ್ಳನ್ನು ದೇವೇಂದ್ರಪ್ಪ ಹೇಳಿಯೇ ಬಿಡುತ್ತಿದ್ದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಸಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ರಾಟೀದ ತಪ್ಪೈತೇನವಾ? ನಾ ನನ್ನ ಕೈಯ ಸೋತಾವು ಅಂತ ತಿಳದಿದ್ದೆ. ಇನ್ನ ಕಂಡಿಕಿ ಸುತ್ತಾಕೂ ನಾ ಬ್ಯಾಡಾದೆ ಅಂತ ಒಳಗೊಳಗ ಸಂಕಟಪಟ್ಕೋತ ಕುಂತಿದ್ದೆ.”

ಈ ಮಾತನ್ನು ದೇವೇಂದ್ರಪ್ಪನವರಿಗೆ ತಾಳಿಕೊಳ್ಳಲಾಗಲಿಲ್ಲ. ಹೆಂಡತಿಯ ಬೈಗುಳಕ್ಕೆ ಅವರ ಚರ್ಮ ಹದವಾಗಿತ್ತು, ತಾಯಿಯ ಕಣ್ಣೀರಿಗೆ ಆಗಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಗುಜರಿಯಿಂದ ಹಪ್ಪಳದವರೆಗೆ ಎಲ್ಲವನ್ನೂ ಒದರಿಬಿಟ್ಟರು.

ಶಿವಗಂಗಾ ಸೊಂಟದ ಮೇಲೆ ಕೈಯಿಟ್ಟಳು. “ಸೈಕಲ್ಲಿನ ಸಲುವಾಗಿ ಹಡದಾಕಿ ಕೈಯಾಗಿನ ರಾಟಿ ಕದ್ದ್ರ್ಯಾ? ಮಕ್ತಲ್ದಾಗ ಏನ್ ಆರತಿ ಹಿಡಕೊಂಡು ನಿಂತಾರೇನ್ ನಿಮಗ?”

“ಆರತಿ ಅಲ್ಲ” ದೇವೇಂದ್ರಪ್ಪನವರ ದನಿ ಸಣ್ಣದಾಯಿತು. “ತಿಳುವಳಿಕಿ ಬಂದಾಗಿಂದ ಮಗ್ಗದ ಕುಣ್ಯಾಗ ಕಾಲಿಟ್ಟು ತುಳದೀನಿ. ಎಷ್ಟ ತುಳದ್ರೂ ಕುಂತಲ್ಲೇ ಇರತೀನಿ. ಒಂದಿನಾರ ತುಳದ್ರ ಮುಂದಕ ಹೋಗೂವಂಥಾದ್ದು ತುಳೀಬೇಕು ಅಂತ ಆಸೆ ಆಗಿತ್ತು, ಅಷ್ಟ.”

ಶಿವಗಂಗಾಳ ಕೈ ಸೊಂಟದಿಂದ ತಾನಾಗಿ ಕೆಳಗಿಳಿಯಿತು. ಅವಳೂ ಅಂಥದೇ ಕುಣಿಯಲ್ಲಿ ಕಾಲಿಟ್ಟು ಕೂತವಳೇ. ಈಗಲೇ ರಿಮ್ಮು ಬಿಚ್ಚಿ ಕೊಡುತ್ತೇನೆಂದು ದೇವೇಂದ್ರಪ್ಪ ಪಾನಾ ಎತ್ತಿಕೊಂಡರು. ಆಗ ಅವರ ಕೈ ಹಿಡಿದವರು ಸಂಗಮ್ಮ.

“ಬಿಚ್ಚಬ್ಯಾಡೋ ಮಗನ, ಅಷ್ಟ ಆಸೆಪಟ್ಟು ಕೂಡ್ಸೀದಿ. ನಾಳೆ ಮುಂಜಾನೆ ಬರೇ ಟೈರು ತಗದು, ಸೈಕಲ್ಲ ಸ್ಟ್ಯಾಂಡಿಗಿ ಹಾಕು. ಗಾಲೀಗಿ ಹುರಿ ಕಟ್ಟಿ ನನ್ನ ಕದರಿಗಿ ಜೋಡಸೂಣು. ನೀ ತುಳಿ, ನಾ ಕಂಡಿಕಿ ಸುತ್ತತೀನಿ. ಸೆರಗಿಗಾಗುವಷ್ಟು ಆತಂದ್ರ ಟೈರು ಹಾಕ್ಕೊಂಡು ಮಕ್ತಲಕ್ಕ ಹೋಗು.”

ಇಷ್ಟು ಸುಲಭದ ಶಿಕ್ಷೆ ಯಾವ ಅಪರಾಧಿಗೆ ಸಿಕ್ಕೀತು? ಭಾನುವಾರ ಬೆಳಿಗ್ಗೆ ದೇವೇಂದ್ರಪ್ಪ ಬಿಳಿ ಅಂಗಿ ತೊಟ್ಟು, ಕಪ್ಪು ಕನ್ನಡಕ ಏರಿಸಿ, ಮನೆಯ ಮುಂದಿನ ಕಟ್ಟೆಯ ಮೇಲೆ ಸೈಕಲ್ ಹತ್ತಿದರು. ಒಂದು ಸುತ್ತು ತುಳಿಯುವುದರೊಳಗೆ ಕದಿರು ಬುಗುರಿಯಂತೆ ಹಾಡತೊಡಗಿತು. ಕೈರಾಟಿಯಲ್ಲಿ ಒಂದು ಕಂಡಿಕೆ ಸುತ್ತುವಷ್ಟು ಹೊತ್ತಿನಲ್ಲಿ ಕಂಡಿಕೆಗಳಿಂದ ಬುಟ್ಟಿಯ ತಳವೇ ಮುಚ್ಚಿತು. ಒಂದೊಂದೂ ಕಲ್ಲಿನಂತೆ ಬಿಗಿ! ಒಳಗೆ ಶಿವಗಂಗಾಳ ಲಾಳಿ ಎಲ್ಲೂ ತಡವರಿಸದೆ ಓಡಿತು. ಸಂಗಮ್ಮ ಹಿಗ್ಗಿ, “ನನ್ನ ಕೈಯಾಗ ಇನ್ನಾ ಕಸುವೈತಿ ನೋಡ!” ಎಂದು ದಾರಿಹೋಕರನ್ನೆಲ್ಲ ಕರೆದು ತೋರಿಸಿದರು. ಕರೆದದ್ದೇ ತಪ್ಪಾಯಿತು.

ಮೊದಲು ಗಂಗಾಂಬಿಕಾ ಬಂದಳು, ಕಂಕುಳಲ್ಲಿ ಲಡಿಯ ಗಂಟು. “ಮಾವಾರ, ನಂದೂ ಒಂದೀಟು ತುಳದ ಬಿಡ್ರಿ, ನಿಮಗ ಪುಣ್ಯ ಬರತೈತಿ.” ಆಮೇಲೆ ಓಣಿಗೆ ಓಣಿಯೇ ಬಂತು. ಇಷ್ಟು ಜನ ಹೆಂಗಸರು ಒಟ್ಟಿಗೆ ತಮ್ಮನ್ನು ಹೊಗಳಿದ್ದು ದೇವೇಂದ್ರಪ್ಪನವರಿಗೆ ಅದೇ ಮೊದಲು. ಇಳಿಯಬೇಕೆಂದು ಕಾಲು ಹೇಳಿದರೂ ಕಿವಿ ಬಿಡಲಿಲ್ಲ. ಪ್ರವೀಣ್ ಕುಮಾರ್ ಬಳಗದ ಸಮೇತ ಬಂದು ಟ್ರಿಣ್ ಟ್ರಿಣ್ ಬಾರಿಸಿದಾಗ, “ನೀವು ನಡೀರಿ, ಹಿಂದ ಬಂದು ಹಿಡೀತೀನಿ” ಎಂದು ಗಂಭೀರವಾಗಿ ಕೈಬೀಸಿದರು. ಬಳಗ ಒಂದು ಫೋಟೊ ತೆಗೆದುಕೊಂಡು ಮಕ್ತಲಿನ ದಾರಿ ಹಿಡಿಯಿತು.

ಬಿಸಿಲು ನೆತ್ತಿಗೇರಿತು. ಬಿಳಿ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತ್ತು. ಸೆರಗು ಮುಗಿಸಿ ನಗುನಗುತ್ತಾ ಹೊರಬಂದ ಶಿವಗಂಗಾ ಒಂದು ಚೊಂಬು ಮಜ್ಜಿಗೆ ಕೊಟ್ಟು, ತನ್ನ ಸೆರಗಿನಿಂದಲೇ ಗಂಡನ ಮುಖ ಒರೆಸಿದಳು.

“ಎಲ್ಲೀತನಕ ಬಂದ್ರಿ?”

ದೇವೇಂದ್ರಪ್ಪ ತುಂಬಿ ತುಳುಕುತ್ತಿದ್ದ ಬುಟ್ಟಿಗಳನ್ನು ನೋಡಿದರು. ಏದುಸಿರು ಬಿಡುತ್ತಾ, “ಮಕ್ತಲ್ ಯಾವಾಗೋ ದಾಟೇತಿ” ಎಂದರು.

ಶಿವಗಂಗಾ ಕಟ್ಟೆಯ ಕೆಳಗೆ ಲಡಿ ಹಿಡಿದು ಸಾಲಾಗಿ ಕೂತ ಹೆಂಗಸರ ಕಡೆ ಒಮ್ಮೆ ಕಣ್ಣಾಡಿಸಿದಳು.

“ಹಂಗಾದ್ರ ಗದ್ವಾಲಕ್ಕೂ ಹೋಗಿಬಂದಬಿಡ್ರಿ. ಬರೂದ್ರಾಗ ರೊಟ್ಟಿ ಮಾಡಿಟ್ಟಿರತೀನಿ.”