ಕೊನೆಯ ಹಾರ್ನಿನ ಕೆಳಗೆ

ಒಂದು ಗುಂಡಿಯನ್ನು ಬಲಕ್ಕೆ ತಿರುಗಿಸಬೇಕಾಗಿತ್ತು, ತಿರುಗಿಸಲಿಲ್ಲ. ಅದನ್ನಾದರೂ ಮರೆವು ಅನ್ನಬಹುದು. ತಿರುಗಿಸಲಿಲ್ಲವೆಂದು ಅಕ್ಕನ ಮುಂದೆ ಒಪ್ಪಿಕೊಳ್ಳಲು ನನಗೆ ಒಂಬತ್ತು ವರ್ಷ ಹಿಡಿಯಿತು, ಅದಕ್ಕೆ ಮಾತ್ರ ಯಾವ ಹೆಸರಿಡಬೇಕೋ ತಿಳಿಯದು. ನಾಲ್ಕು ಓಣಿಗೆ ಕೇಳುವಷ್ಟು ಸದ್ದು ಮಾಡಿ ಹೊಟ್ಟೆ ಹೊರೆಯುವ ಮನೆತನ ನಮ್ಮದು. ಅಂಥ ಮನೆಯವನ ಗಂಟಲಲ್ಲಿ ಒಂದು ಸಣ್ಣ ಮಾತು ಸಿಕ್ಕಿಹಾಕಿಕೊಂಡಿತ್ತು. ನಾನು ಓದಿದ್ದು ಐದನೇ ಇಯತ್ತೆ, ಅದೂ ಪೂರ್ತಿಯಲ್ಲ. ಚೆಂದ ಮಾಡಿ ಹೇಳಲು ಬರುವುದಿಲ್ಲ, ನಡೆದ ಹಾಗೆ ಹೇಳುತ್ತೇನೆ.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅಪ್ಪನದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಭಜನೆ, ಚುನಾವಣೆ, ಯಾವುದಕ್ಕೆ ಕರೆದರೂ ಹೋಗುತ್ತಿದ್ದೆವು. ಅಪ್ಪನ ಕಣ್ಣು ಮಂಜಾದ ಮೇಲೆ ರಿಪೇರಿಯ ಕೆಲಸ ಅಕ್ಕ ಶಂಕ್ರಮ್ಮನ ಕೈಗೆ ಬಂತು. ಅಪ್ಪ ಮಂಚದ ಮೇಲೆ ಕೂತು ಬಾಯಲ್ಲಿ ಹೇಳುವುದು, ಅಕ್ಕ ಕೂದಲಿನಂಥ ತಂತಿಗಳಿಗೆ ಬೆಸುಗೆ ಹಾಕುವುದು. ನನ್ನ ಕೆಲಸ ಹೊರುವುದು. ಊರಿನವರು ಮಾತ್ರ ನನ್ನನ್ನೇ ಮೆಕ್ಯಾನಿಕ್ ಅನ್ನುತ್ತಿದ್ದರು. ನಾನೂ ಇಲ್ಲವೆನ್ನುತ್ತಿರಲಿಲ್ಲ.

ಮೈಕ್ ಪರೀಕ್ಷೆಗೆ ಅಪ್ಪನದೊಂದು ಪದ್ಧತಿ ಇತ್ತು. ಮೈಕಿಗೆ ಊದಬಾರದು, ಬೆರಳಿಂದ ಬಡಿಯಬಾರದು. ಒಬ್ಬರು ಒಂದರಿಂದ ಹತ್ತು ಎಣಿಸಬೇಕು, ಇನ್ನೊಬ್ಬರು ಎಲ್ಲಕ್ಕಿಂತ ದೂರ ಕಟ್ಟಿದ ಸ್ಪೀಕರ್ ಹಾರ್ನಿನ ಕೆಳಗೆ ನಿಂತು ಕೇಳಬೇಕು. ಕೇಳಿದರೆ ಕೈ ಎತ್ತಬೇಕು. ಕೈ ಎದ್ದ ಕೂಡಲೇ ಎಣಿಕೆ ನಿಲ್ಲಿಸಬೇಕು. ಆ ಕೈ ಏಳುವ ತನಕ ಮೈಕು ಸರಿಯಿದೆ ಎಂದು ದೇವರು ಬಂದು ಹೇಳಿದರೂ ಅಪ್ಪ ಒಪ್ಪುತ್ತಿರಲಿಲ್ಲ.

ಅಕ್ಕ ತತ್ವಪದ ಹಾಡುತ್ತಿದ್ದಳು. ದನಿ ತೀರ ಸಣ್ಣದು, ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಸವೆದುಹೋಗುತ್ತಿತ್ತು. ರಿಪೇರಿಯಾದ ಮೈಕಿನ ಮುಂದೆ ಯಾರೂ ಇಲ್ಲದಾಗ ಒಂದು ಸಾಲು ಹಾಡಿ, ಅದು ಹೊರಗಿನಿಂದ ಕೇಳಿಬಂದಾಗ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. “ಇದರಾಗ ನನ್ನ ದನಿ ಬೀದಿ ತನಕ ಹೋಗ್ತದಲ್ಲೋ ತಮ್ಮಾ” ಅನ್ನುತ್ತಿದ್ದಳು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ದೇವದುರ್ಗದಲ್ಲಿ ಸೋದರಮಾವನ ಮಗನ ಮದುವೆ. ಅಕ್ಷತೆ ಬಿದ್ದ ಮೇಲೆ ಶಂಕ್ರಮ್ಮ ಒಂದು ಪದ ಹಾಡಲಿ ಎಂದು ಮಾವ ಹೇಳಿಕಳಿಸಿದ್ದ. ಮೈಕಿನಲ್ಲಿ, ಅಷ್ಟು ಜನರ ಮುಂದೆ, ಅವಳಿಗೆ ಅದೇ ಮೊದಲು. ಆ ವಾರವೆಲ್ಲ ಕೂತು ಇದ್ದುದರಲ್ಲಿ ಒಳ್ಳೆಯ ಮೈಕನ್ನು ಬಿಚ್ಚಿ ಹೊಸ ಬೆಸುಗೆ ಹಾಕಿದಳು. ಗಬ್ಬೂರಿನ ಮೇಲೆ ಹೋಗುವ ಬಸ್ಸಿನ ನೆತ್ತಿಯಲ್ಲಿ ಹಾರ್ನುಗಳು ಹೋದವು. ಮೈಕು ಮಾತ್ರ ಅವಳ ತೊಡೆಯ ಮೇಲೆ ಕೂಸಿನ ಹಾಗೆ ಕೂತು ಬಂತು.

ಚಪ್ಪರದಲ್ಲಿ ಎಣಿಸಿದ್ದಾಯಿತು, ಕೊನೆಯ ಹಾರ್ನಿನ ಕೆಳಗಿಂದ ಅಕ್ಕನ ಕೈ ಎದ್ದದ್ದೂ ಆಯಿತು. ಅಷ್ಟರಲ್ಲಿ ಬೀಗರ ಮಕ್ಕಳು ಮೈಕಿಗೆ ಊದತೊಡಗಿದವು. ಚಪ್ಪರದ ಹಿಂದಿದ್ದ ಆಂಪ್ಲಿಫೈಯರಿನ ಗುಂಡಿಯನ್ನು ಸೊನ್ನೆಗೆ ಇಳಿಸಿದೆ. ಅದರ ಪಕ್ಕದಲ್ಲೇ ಕೂತಿರಬೇಕಾಗಿತ್ತು. ಆದರೆ ಮೊದಲ ಪಂಕ್ತಿಗೆ ಗೋಧಿ ಹುಗ್ಗಿ ಬಂದಿದೆ, ತುಪ್ಪ ಕೊಡದಲ್ಲಿ ಬರುತ್ತಿದೆ ಎಂದು ಯಾರೋ ಹೇಳಿದರು. ನಾನು ತುಪ್ಪದ ಮಾತಿಗೆ ಬಾಗುವ ಮನುಷ್ಯ. ಊಟಕ್ಕೆ ಕೂತು, ಒಂದು ಕಿವಿ ಮೇಲಿನ ಹಾರ್ನಿನ ಕಡೆಗೇ ಇಟ್ಟಿದ್ದೆ. ಹಾಡು ಕೇಳುತ್ತಿಲ್ಲ, ಅಂದರೆ ಅಕ್ಕ ಇನ್ನೂ ಶುರು ಮಾಡಿಲ್ಲ ಎಂದುಕೊಂಡು ಎರಡನೇ ಸಲ ಹುಗ್ಗಿ ಹಾಕಿಸಿಕೊಂಡೆ. ಅಲ್ಲಿ ಅವಳು ಎರಡು ನುಡಿ ಹಾಡಿ ಮುಗಿಸಿದ್ದಳು.

ಮುಂದಿನ ಸಾಲಿನವರಿಗೂ ಒಂದಕ್ಷರ ಕೇಳಿರಲಿಲ್ಲ. ಹಿಂದಿನವರು ಮಾತಿಗೆ ಬಿದ್ದಿದ್ದರು. ಕಡೆಗೆ ಹಿರಿಯರೊಬ್ಬರು, “ಏನೂ ಕೇಳವಲ್ದು ಯವ್ವಾ, ಸಾಕು ಬಿಡು, ಕುಂದ್ರು” ಅಂದರಂತೆ. ನಾನು ಎಂಜಲು ಕೈಯಲ್ಲಿ ಓಡಿಬಂದಾಗ ಅಕ್ಕ ಮೈಕಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಗುಂಡಿ ಸೊನ್ನೆಯಲ್ಲಿತ್ತು. ಮಾವ ಏನಾಯಿತೆಂದು ಕೇಳಿದ. ಸುತ್ತ ನೆಂಟರು. ನನ್ನ ಬಾಯಿಂದ ಬಂದ ಮಾತು ಇದು: “ಒಳಗ ತಂತಿ ಬಿಟ್ಟದ. ಬೆಸಿಗಿ ಸರಿ ಆಗಿಲ್ಲ ಕಾಣ್ತದ.”

ಸುಳ್ಳು ಹೇಳಿದವನಿಗೆ ಅದನ್ನು ಸಾಕುವ ಕೆಲಸವೂ ಬೀಳುತ್ತದೆ. ಸರಿಯಾಗಿದ್ದ ಮೈಕನ್ನು ಪೆಟ್ಟಿಗೆಗೆ ಹಾಕಿ, ಗರಗರ ಅನ್ನುವ ಹಳೆಯದನ್ನು ಕಟ್ಟಿದೆ. ಬೀಗರ ಭಾಷಣಗಳೆಲ್ಲ ನೆಗಡಿ ಹಿಡಿದವರ ಹಾಗೆ ಕೇಳಿದವು.

ಊರಿಗೆ ಮರಳಿದ ಮೇಲೆ ಅಕ್ಕ ಎಂಟು ದಿನ ಆ ಮೈಕಿನಲ್ಲಿ ಇಲ್ಲದ ದೋಷವನ್ನು ಹುಡುಕಿದಳು. ಹಿತ್ತಾಳೆ ತಾಟಿನಲ್ಲಿ ಅದರ ಅಂಗಾಂಗಗಳನ್ನು ಹರವಿ, ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು. ನಾನು ಎಣಿಸುವುದು, ಅವಳು ಬೀದಿಯ ಹಾರ್ನಿನ ಕೆಳಗೆ ನಿಂತು ಕೈ ಎತ್ತುವುದು. ಮೈಕು ನಿಷ್ಠೆಯಿಂದ ಹತ್ತೂ ಅಂಕಿ ಹೇಳುತ್ತಿತ್ತು. “ಚೊಲೋ ಅದ ಅಲ್ಲೇನವ್ವಾ” ಎಂದು ಅಪ್ಪ. “ಇಲ್ಲಿ ಚೊಲೋ ಅದ ಯಪ್ಪಾ. ದೇವದುರ್ಗದಾಗ ಯಾಕ ಸತ್ತಿತ್ತು?” ಎಂದು ಅಕ್ಕ. ಅಪ್ಪ ಯೋಚಿಸಿ, ಬಸ್ಸಿನ ಕುಲುಕಾಟ ಇರಬೇಕು ಅಂದ. ಹಾಗಾದರೆ ಕುಲುಕಿಸಿ ನೋಡೋಣ ಎಂದಾಯಿತು. ಮೈಕನ್ನು ಚೀಲಕ್ಕೆ ಹಾಕಿ ಸೈಕಲ್ಲಿಗೆ ಕಟ್ಟಿ, ಅಕ್ಕಿ ಗಿರಣಿಯ ಹಿಂದಿನ ತಗ್ಗು ದಿಣ್ಣೆಯ ದಾರಿಯಲ್ಲಿ ಉರಿಬಿಸಿಲಿಗೆ ಒಂದು ತಾಸು ಸುತ್ತಿಬಂದೆ. ಆ ಮೈಕಿಗೆ ಏನೂ ಆಗಿಲ್ಲವೆಂದು ತಿಳಿದಿದ್ದವನು ಊರಲ್ಲೆಲ್ಲ ನಾನೊಬ್ಬನೇ, ಪೆಡಲು ತುಳಿಯುತ್ತಿದ್ದವನೂ ನಾನೇ. ಪ್ರತಿ ತಗ್ಗಿಗೂ, ಈಗ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ಮನೆಗೆ ಬಂದು ಒಂದರಿಂದ ಹತ್ತು ಎಣಿಸಿದೆ.

ಎಂಟನೇ ದಿನ ಅವಳು ಮೈಕಿನ ಮುಚ್ಚಳ ಬಿಗಿದಳು. “ಇದರಾಗ ಏನೂ ದೋಷ ಇಲ್ಲ ತಮ್ಮಾ. ಮಂದಿ ಮುಂದ ಅಂಜಿ ನನ್ನ ದನಿನೇ ಹೊಂಟಿರಲಿಕ್ಕಿಲ್ಲ.”

ಆಗಲಾದರೂ ಹೇಳಬೇಕಿತ್ತು. ನಾನು ಚೀಲ ಮಡಚುತ್ತ ಕೂತೆ. ಆಮೇಲೆ ಅವಳು ಮೈಕಿನ ಮುಂದೆ ಹಾಡಲಿಲ್ಲ, ಯಾರೂ ಇಲ್ಲದಾಗಲೂ. ಮಾನ್ವಿಗೆ ಮದುವೆಯಾಗಿ ಹೋಗುವ ತನಕ ಪ್ರತಿ ತಂತಿಗೂ ಎರಡೆರಡು ಬೆಸುಗೆ ಹಾಕಿದಳು. ಅವಳು ಹೋದ ಮೇಲೆ ರಿಪೇರಿ ನನ್ನ ಪಾಲಿಗೆ ಬಂತು, ಅಂಗಡಿಯ ಮೈಕುಗಳು ಒಂದೊಂದಾಗಿ ಮೂಕವಾದವು.

ಮಾನ್ವಿಯಲ್ಲಿ ಅವಳ ಮೂರನೇ ಕೂಸಿನ ತೊಟ್ಟಿಲ ಕಾರ್ಯಕ್ಕೆ ಸೆಟ್ಟು ತೆಗೆದುಕೊಂಡು ಹೋದೆ. ಓಣಿಯ ಹೆಂಗಸರು, ಜೋಗುಳ ನೀನೇ ಹಾಡು ಶಂಕ್ರಮ್ಮಾ ಎಂದು ಗಂಟುಬಿದ್ದಿದ್ದರು. “ಮಂದಿ ಮುಂದ ನನ್ನ ದನಿ ಹೊಂಡಂಗಿಲ್ಲ ಬಿಡ್ರೆವ್ವಾ” ಎಂದು ಅವಳು ನಕ್ಕಳು. ಒಂಬತ್ತು ವರ್ಷದ ಹಿಂದೆ ನನ್ನ ಸುಳ್ಳು ಕಟ್ಟಿಕೊಟ್ಟ ಮಾತು ಅದು, ಇನ್ನೂ ಒಂದು ಎಳೆ ಸಡಿಲಾಗಿರಲಿಲ್ಲ.

ಪರೀಕ್ಷೆಗೆ ಅವಳೇ ಹೊರಟಳು. ಕೂಸನ್ನು ಎದೆಗವಚಿಕೊಂಡು, ಓಣಿಯ ತುದಿಯ ಹಿಟ್ಟಿನ ಗಿರಣಿಯ ಪಕ್ಕ ಬೇವಿನ ಮರಕ್ಕೆ ಕಟ್ಟಿದ್ದ ಕೊನೆಯ ಹಾರ್ನಿನ ಕೆಳಗೆ ಹೋಗಿ ನಿಂತು ನನ್ನ ಕಡೆ ನೋಡಿದಳು. ನಾನು ಎಣಿಸಲಿಲ್ಲ. ಹೇಳಬೇಕಾದುದನ್ನೆಲ್ಲ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದೆ. ಕಣ್ಣು ತೆರೆದರೆ ಅವಳು ಅಂಗೈ ಅಲ್ಲಾಡಿಸುತ್ತಿದ್ದಳು, ಏನೂ ಬರುತ್ತಿಲ್ಲ ಎಂದು. ಗುಂಡಿ ಸೊನ್ನೆಯಲ್ಲಿತ್ತು. ಇಷ್ಟು ವರ್ಷಕ್ಕೆ ಒಮ್ಮೆ ನಿಜ ಹೇಳಿದೆ, ಅದನ್ನೂ ಸತ್ತ ಮೈಕಿಗೆ ಹೇಳಿದ್ದೆ.

ಬಿಟ್ಟುಬಿಡಬಹುದಾಗಿತ್ತು. ಒಂದು, ಎರಡು ಎಂದು ಎಣಿಸಬಹುದಾಗಿತ್ತು. ಈ ಸಲ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ. “ಅಕ್ಕಾ” ಅಂದೆ. ಓಣಿಯ ತುದಿಯಲ್ಲಿ ಅವಳ ಕೈ ಎದ್ದಿತು. ಕೈ ಎದ್ದ ಮೇಲೆ ನಿಲ್ಲಿಸುವುದು ನಮ್ಮ ಅಂಗಡಿಯ ಪದ್ಧತಿ. ಗಿರಣಿಯ ಮುಂದೆ ಹಿಟ್ಟಿಗೆ ಕೂತವರೆಲ್ಲ ಮೇಲೆ ನೋಡುತ್ತಿದ್ದರು. ನಾನು ನಿಲ್ಲಿಸಲಿಲ್ಲ.

“ಅಕ್ಕಾ, ದೇವದುರ್ಗದಾಗ ನಿನ್ನ ಮೈಕು ಕೆಟ್ಟಿದ್ದಿಲ್ಲ. ಗುಂಡಿ ಇಳಿಸಿ ನಾ ಹುಗ್ಗಿ ಉಣ್ಣಾಕ ಕುಂತಿದ್ದೆ. ನಿನ್ನ ಬೆಸಿಗಿನೂ ಸರಿ ಇತ್ತು, ನಿನ್ನ ದನಿನೂ ಸರಿ ಇತ್ತು. ನಂದೇ ತಪ್ಪು. ನಂದು ತಪ್ಪಾತು ಅಕ್ಕಾ.”